ವಿದ್ಯಾರ್ಥಿ ಪತ್ರಿಕೆಗೆ ಯಾವ ಹೋಸ್ಟಿಂಗ್ ಒಳ್ಳೆಯದು? ಮೊದಲು ಕೀಲಿಕೈ ಯಾರ ಹತ್ತಿರ ಇರುತ್ತೆ ಅಂತ ನೋಡಿ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪತ್ರಿಕೋದ್ಯಮದ ಅತಿಥಿ ಉಪನ್ಯಾಸಕಿ. ನಮ್ಮ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ನಾಲ್ಕು ಪುಟದ ಪ್ರಾಯೋಗಿಕ ಪತ್ರಿಕೆ ತರುತ್ತಾರೆ. ಈ ವರ್ಷ ಅದಕ್ಕೊಂದು ವೆಬ್‌ಸೈಟ್ ಮಾಡಬೇಕೆಂದು ಹೊರಟಿದ್ದೇವೆ. ವರ್ಷಕ್ಕೆ 6,000 ರೂಪಾಯಿ ಸಿಗಬಹುದು. ಒಬ್ಬ ಹುಡುಗ ಫ್ರೀ ಬ್ಲಾಗ್ ಸಾಕು ಅನ್ನುತ್ತಾನೆ. ಇನ್ನೊಬ್ಬಳು ತಿಂಗಳಿಗೆ 99 ರೂಪಾಯಿಯ ‘ಅನ್‌ಲಿಮಿಟೆಡ್’ ಹೋಸ್ಟಿಂಗ್ (ಸೈಟ್ ಇಡಲು ಬಾಡಿಗೆ ಜಾಗ) ಜಾಹೀರಾತು ತೋರಿಸುತ್ತಾಳೆ. ಪರಿಚಯದ ಎಂಜಿನಿಯರ್ ಒಬ್ಬರು ವಿಪಿಎಸ್ (ನಾವೇ ನೋಡಿಕೊಳ್ಳಬೇಕಾದ ಬಾಡಿಗೆ ಸರ್ವರ್) ತಗೊಳ್ಳಿ ಎನ್ನುತ್ತಾರೆ. ಯಾವುದನ್ನು ಆರಿಸಲಿ?

ಉತ್ತರ: ಮೇಡಂ, ಮೂವರಲ್ಲಿ ಯಾರ ಮಾತೂ ಪೂರ್ತಿ ತಪ್ಪಲ್ಲ. ಆದರೆ ಮೂವರೂ ಈ ವರ್ಷದ ಲೆಕ್ಕ ಹೇಳುತ್ತಿದ್ದಾರೆ. ನಿಮ್ಮ ಪತ್ರಿಕೆಗೆ ಬೇರೆ ಯಾವ ಪತ್ರಿಕೆಗೂ ಇಲ್ಲದ ಒಂದು ಕಷ್ಟ ಇದೆ. ಪ್ರತಿವರ್ಷ ಅದರ ಸಂಪಾದಕ ಮಂಡಳಿ ಪರೀಕ್ಷೆ ಬರೆದು ಹೊರಟುಹೋಗುತ್ತದೆ. ಅತಿಥಿ ಉಪನ್ಯಾಸಕರ ಪರಿಸ್ಥಿತಿ ನಿಮಗೇ ಗೊತ್ತು, ಮುಂದಿನ ವರ್ಷ ನೀವು ಅದೇ ಕಾಲೇಜಿನಲ್ಲಿ ಇರುತ್ತೀರಿ ಎನ್ನುವ ಖಾತ್ರಿಯಿಲ್ಲ. ಹಾಗಾಗಿ ನಾನು ಹೋಸ್ಟಿಂಗ್ ಕಂಪನಿಗಳನ್ನು ಹೋಲಿಸುವ ಮುಂಚೆ ಕೇಳುವ ಪ್ರಶ್ನೆ ಒಂದೇ: ಮೂರು ವರ್ಷದ ನಂತರ, ಇವತ್ತು ಈ ಕೋಣೆಯಲ್ಲಿರುವ ಯಾರೂ ಇಲ್ಲದಾಗ, ಹೊಸಬರೊಬ್ಬರು ಬಂದು ಈ ಸೈಟಿಗೆ ಲಾಗಿನ್ ಆಗಬಲ್ಲರೇ?

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನವರು ಸಹಾಯ ಕೇಳಿ ಬಂದಿದ್ದರು. ಅವರ ವಿದ್ಯಾರ್ಥಿ ಪತ್ರಿಕೆಯ ಸೈಟನ್ನು ಒಬ್ಬ ಚುರುಕು ಹುಡುಗ ತಾನೇ ಮುಂದೆ ನಿಂತು ಕಟ್ಟಿದ್ದ. ಡೊಮೇನ್, ಅಂದರೆ ಸೈಟಿನ ವಿಳಾಸ, ಅವನ ಜಿಮೇಲಿನಲ್ಲಿ, ಒಟಿಪಿ ಅವನ ಮೊಬೈಲಿಗೆ. ಓದು ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಹೋದ, ನಂಬರ್ ಬದಲಾಯಿತು, ನವೀಕರಣದ ಮೇಲ್‌ಗಳು ಅವನು ತೆರೆಯದ ಹಳೇ ಇನ್‌ಬಾಕ್ಸಿಗೆ ಬರುತ್ತಲೇ ಇದ್ದವು. ಡಾಟ್ ಕಾಮ್ ಡೊಮೇನಿನ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್, ಅಂದರೆ ಅದನ್ನು ಮಾರಿದ ಕಂಪನಿ, ಸಾಮಾನ್ಯವಾಗಿ ಕೆಲವು ವಾರ ಕಾಯುತ್ತದೆ. ಆಮೇಲೆ ದುಬಾರಿ ಶುಲ್ಕ ಕಟ್ಟಿ ಬಿಡಿಸಿಕೊಳ್ಳಲು 30 ದಿನ ಇರುತ್ತದೆ. ಕೊನೆಯ 5 ದಿನ ಏನೂ ಮಾಡುವಂತಿಲ್ಲ, ನಂತರ ಯಾರು ಬೇಕಾದರೂ ಕೊಳ್ಳಬಹುದು. ಯಾರೋ ಕೊಂಡರು. ಕಾಲೇಜಿನವರು ವಿಳಾಸ ಟೈಪ್ ಮಾಡಿದಾಗ ರಮ್ಮಿ ಆಟದ ಜಾಹೀರಾತು ತೆರೆದುಕೊಂಡಿತು. ಸುತ್ತಲಿನ ಹಳ್ಳಿಗಳ ಬತ್ತಿದ ಬೋರ್‌ವೆಲ್‌ಗಳ ಬಗ್ಗೆ ಆ ಮಕ್ಕಳು ಬಿಸಿಲಲ್ಲಿ ತಿರುಗಿ ಬರೆದ ಸರಣಿಯೊಂದಿತ್ತು. ಹಳೆಯ ವೆಬ್‌ಪುಟಗಳ ಪ್ರತಿ ಕೂಡಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಹುಡುಕಿ ಅದರ ಕೆಲವು ಪುಟಗಳನ್ನು ತೆಗೆದುಕೊಟ್ಟೆ. ಫೋಟೋಗಳು ಸಿಗಲೇ ಇಲ್ಲ. ಆ ಹುಡುಗನದೇನೂ ತಪ್ಪಿರಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗನ ಜೇಬಿನಲ್ಲಿ ಇಡೀ ಪತ್ರಿಕೆಯ ಕೀಲಿಕೈ ಇರಲು ಬಿಟ್ಟದ್ದು ದೊಡ್ಡವರು.

ಆದ್ದರಿಂದ ಮೊದಲು ಡೊಮೇನ್. ಹೋಸ್ಟಿಂಗ್ ಎಂದರೆ ಬಾಡಿಗೆ ಮನೆ, ಡೊಮೇನ್ ಎಂದರೆ ನಿಮ್ಮ ವಿಳಾಸ. ಎರಡನ್ನೂ ಒಂದೇ ಅಂಗಡಿಯಲ್ಲಿ ಕೊಳ್ಳಬೇಕೆಂದೇನಿಲ್ಲ, ಬೇರೆಬೇರೆ ಕಡೆ ಇಟ್ಟರೆ ಮನೆ ಬದಲಿಸುವುದು ಸುಲಭ. ‘ಒಂದು ವರ್ಷ ಡೊಮೇನ್ ಉಚಿತ’ ಅನ್ನುವ ಆಫರ್ ಬಿಟ್ಟುಬಿಡಿ. ಡೊಮೇನನ್ನು ಒಮ್ಮೆಗೇ 10 ವರ್ಷದವರೆಗೂ ಕಟ್ಟಬಹುದು. ನೀವು 5 ವರ್ಷಕ್ಕೆ ಕಟ್ಟಿ. ಡಾಟ್ ಇನ್ ಈಗ ವರ್ಷಕ್ಕೆ ಸುಮಾರು 700ರಿಂದ 1,000 ರೂಪಾಯಿ ಆಗುತ್ತದೆ. ಸರ್ಕಾರಿ ಕಾಲೇಜಿನಲ್ಲಿ ಹಣ ಬಿಡುಗಡೆಯಾಗುವ ತಿಂಗಳು ಒಂದು, ನವೀಕರಣದ ತಿಂಗಳು ಇನ್ನೊಂದು. 5 ವರ್ಷಕ್ಕೆ ಕಟ್ಟಿಬಿಟ್ಟರೆ ಆ ತಲೆನೋವು ಒಂದೇ ಸಲಕ್ಕೆ ಮುಗಿಯಿತು. ಕಾರ್ಡಿನಿಂದ ತಾನಾಗಿ ಕಟ್ ಆಗುತ್ತದೆ ಎಂದು ನಂಬಿ ಕೂರಬೇಡಿ. 2021ರ ಅಕ್ಟೋಬರ್‌ನಿಂದ, ತಾನಾಗಿ ಕಟ್ ಆಗುವ ಪಾವತಿಗಳಿಗೆ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಜಾರಿಯಲ್ಲಿದೆ, ಆ ವ್ಯವಸ್ಥೆಗೆ ಹೊಂದಿಕೊಳ್ಳದ ವಿದೇಶಿ ಕಂಪನಿಗಳ ಆಟೋ-ಡೆಬಿಟ್ ನಮ್ಮ ಕಾರ್ಡುಗಳಲ್ಲಿ ಸುಮ್ಮನೆ ಫೇಲ್ ಆಗುತ್ತದೆ.

ಕಾಲೇಜಿನ ಡೊಮೇನಿನ ಕೆಳಗೇ ಒಂದು ಸಬ್‌ಡೊಮೇನ್ (ಅದೇ ವಿಳಾಸದ ಉಪವಿಳಾಸ) ತಗೊಂಡರೆ ಖರ್ಚೇ ಇಲ್ಲವಲ್ಲ ಎಂದು ಯಾರಾದರೂ ಹೇಳಬಹುದು. ಡಾಟ್ ಎಸಿ ಡಾಟ್ ಇನ್ ವಿಳಾಸಗಳನ್ನು ಎರ್ನೆಟ್ ಇಂಡಿಯಾ ಎಂಬ ಸಂಸ್ಥೆ ಶಿಕ್ಷಣ ಸಂಸ್ಥೆಗಳಿಗಷ್ಟೇ ಕೊಡುತ್ತದೆ, ಆ ವಿಳಾಸಕ್ಕೆ ತೂಕವೂ ಇದೆ. ಆದರೂ ನಾನು ಬೇಡ ಅನ್ನುತ್ತೇನೆ. ಕಾಲೇಜಿನ ಸೈಟನ್ನು ಬಹುಪಾಲು ಹೊರಗಿನ ಏಜೆನ್ಸಿ ನಡೆಸುತ್ತದೆ. ಗುತ್ತಿಗೆ ಬದಲಾದಾಗ ಹೊಸಬರು ಹೊಸ ಸೈಟ್ ಕಟ್ಟುತ್ತಾರೆ, ಹಳೆಯದರ ಜೊತೆ ನಿಮ್ಮ ಪತ್ರಿಕೆಯೂ ಹೋಗುತ್ತದೆ. ಇನ್ನೊಂದು ಮಾತು: ಹಾಸ್ಟೆಲ್ ಊಟದ ಬಗ್ಗೆ ಒಂದು ನೇರ ವರದಿ ಬಂದ ದಿನ ಅದನ್ನು ತೆಗೆಯುವ ಗುಂಡಿ ಆಡಳಿತದವರ ಕೈಲಿರಬಾರದು. ಪತ್ರಿಕೆ ಮಾಡಲು ಕಲಿಸುತ್ತಿದ್ದೇವೆ ಎಂದ ಮೇಲೆ ಇದನ್ನೂ ಕಲಿಸಬೇಕು. ಸ್ವಂತ ವಿಳಾಸ ಇಟ್ಟುಕೊಳ್ಳಿ, ಕಾಲೇಜಿನ ಸೈಟಿನಿಂದ ಒಂದು ಲಿಂಕ್ ಕೊಡಿಸಿ.

ಖಾತೆ ಯಾರ ಹೆಸರಲ್ಲಿ? ಹುಡುಗರ ಹೆಸರೂ ಬೇಡ, ನಿಮ್ಮ ಹೆಸರೂ ಬೇಡ. ವಿಭಾಗದ ಹೆಸರಲ್ಲಿ ಒಂದು ಇಮೇಲ್ ಮಾಡಿಸಿ. ನಿಮ್ಮ ಕಾಲೇಜು ಗೂಗಲ್‌ನ ಶಿಕ್ಷಣ ಸಂಸ್ಥೆಗಳ ಉಚಿತ ಖಾತೆ ತೆಗೆದುಕೊಂಡಿದ್ದರೆ ಅಲ್ಲೇ ಆಗುತ್ತದೆ. ಒಟಿಪಿಯನ್ನು ಯಾರದೋ ಮೊಬೈಲಿಗೆ ಕಟ್ಟಿಹಾಕುವ ಬದಲು ಲಾಗಿನ್ ಕೋಡ್ ತೋರಿಸುವ ಆಥೆಂಟಿಕೇಟರ್ ಆ್ಯಪ್ ಬಳಸಿ, ಅದನ್ನು ಖಾತೆಗೆ ಜೋಡಿಸುವಾಗ ಆ ಖಾತೆಯಲ್ಲಿ ಸಿಗುವ ರಿಕವರಿ ಕೋಡ್‌ಗಳನ್ನು ಪ್ರಿಂಟ್ ತೆಗೆಯಿರಿ. ಆ ಹಾಳೆ, ಡೊಮೇನ್ ಎಲ್ಲಿ ಕೊಂಡದ್ದು, ಹೋಸ್ಟಿಂಗ್ ಎಲ್ಲಿ, ಯಾವ ತಾರೀಖಿಗೆ ಮುಗಿಯುತ್ತದೆ, ಇಷ್ಟನ್ನೂ ಒಂದು ಲಕೋಟೆಯಲ್ಲಿ ಹಾಕಿ ಅಂಟಿಸಿ, ಮೇಲೆ ಸಹಿ ಮಾಡಿ ವಿಭಾಗದ ಬೀರುವಿನಲ್ಲಿಡಿ. ನಮ್ಮ ಕಚೇರಿಗಳಲ್ಲಿ ಚಾರ್ಜ್ ಕೊಡುವಾಗ ಕುರ್ಚಿ, ಕ್ಯಾಮೆರಾ, ಕಂಪ್ಯೂಟರ್ ಎಣಿಸಿ ಪಟ್ಟಿಗೆ ಸಹಿ ಹಾಕಿಸಿಕೊಳ್ಳುವ ಒಳ್ಳೆಯ ಪದ್ಧತಿ ಇದೆಯಲ್ಲ, ಆ ಚಾರ್ಜ್ ಪಟ್ಟಿಯಲ್ಲಿ ವೆಬ್‌ಸೈಟನ್ನೂ ಒಂದು ಸಾಲು ಸೇರಿಸಿ. ನನ್ನ ಅನುಭವದಲ್ಲಿ ಯಾವ ದುಬಾರಿ ಪ್ಲಾನಿಗಿಂತಲೂ ಸೈಟನ್ನು ಹೆಚ್ಚು ಉಳಿಸಿದ್ದು ಈ ಲಕೋಟೆ.

ಈಗ ಫ್ರೀ ಬ್ಲಾಗ್ ಮಾತು. ಬ್ಲಾಗರ್ ಅನ್ನು ನಾನು ಹಗುರವಾಗಿ ನೋಡುವುದಿಲ್ಲ. 1999ರಲ್ಲಿ ಶುರುವಾಗಿ 2003ರಲ್ಲಿ ಗೂಗಲ್ ಕೈಗೆ ಬಂದು ಇವತ್ತಿಗೂ ನಡೆಯುತ್ತಿದೆ. ಸ್ವಂತ ಡೊಮೇನ್ ಜೋಡಿಸಲು ಬಿಡುತ್ತದೆ, ಸಾವಿರ ಜನ ಒಟ್ಟಿಗೆ ಬಂದರೂ ಮಲಗುವುದಿಲ್ಲ, ಅಪ್‌ಡೇಟ್‌ಗಳ ಚಿಂತೆಯಿಲ್ಲ. ಹಣ ಬರುವುದು ತಡವಾದರೆ ಡೊಮೇನ್ ಮಾತ್ರ ಕೊಂಡು ಬ್ಲಾಗರ್‌ನಲ್ಲೇ ಆರಂಭಿಸಿ, ನಾಚಿಕೆಪಡುವಂಥದ್ದೇನಿಲ್ಲ. ಕೊರತೆ ಎಂದರೆ ಸಂಪಾದನೆಯ ಹಂತಗಳು ಅಲ್ಲಿಲ್ಲ. ವಿದ್ಯಾರ್ಥಿ ಬರೆದದ್ದು ಉಪಸಂಪಾದಕರ ಕಣ್ಣಿಗೆ ಬಿದ್ದು ಆಮೇಲೆ ಪ್ರಕಟವಾಗುವ ವ್ಯವಸ್ಥೆಯನ್ನು ಕಲಿಸಲು ವರ್ಡ್‌ಪ್ರೆಸ್ ಬೇಕು. ಅದು ಹೋಸ್ಟಿಂಗ್ ಜಾಗದಲ್ಲಿ ಹಾಕಿಕೊಂಡು ಸೈಟ್ ನಡೆಸುವ ಉಚಿತ ತಂತ್ರಾಂಶ. ಮತ್ತೆ, ಉಚಿತ ಜಾಗ ಯಾವತ್ತು ಮುಚ್ಚುತ್ತದೆ ಎನ್ನುವುದು ನಮ್ಮ ಕೈಲಿರುವುದಿಲ್ಲ. 2009ರ ಅಕ್ಟೋಬರ್‌ನಲ್ಲಿ ಯಾಹೂ ತನ್ನ ಜಿಯೋಸಿಟೀಸ್ ಎಂಬ ಉಚಿತ ವೆಬ್‌ಪುಟಗಳ ತಾಣ ಮುಚ್ಚಿದಾಗ ಲಕ್ಷಾಂತರ ಪುಟಗಳು ಹೋದವು. ಯಾರೂ ಕೇಳಿರದ ಹೆಸರಿನ ‘ಫ್ರೀ ಹೋಸ್ಟಿಂಗ್’ ಸೈಟುಗಳ ಹತ್ತಿರ ಮಾತ್ರ ಸುಳಿಯಬೇಡಿ.

99 ರೂಪಾಯಿಯ ಜಾಹೀರಾತಿನ ಲೆಕ್ಕವನ್ನು ಆ ಹುಡುಗಿಯ ಜೊತೆ ಕೂತು ಬೋರ್ಡಿನ ಮೇಲೆ ಮಾಡಿ, ಅವಳಿಗೂ ಒಂದು ಸುದ್ದಿ ಪಾಠ ಆಗುತ್ತದೆ. ಆ ದರ ಸಾಮಾನ್ಯವಾಗಿ 4 ವರ್ಷ ಒಟ್ಟಿಗೆ ಕಟ್ಟಿದರೆ ಮಾತ್ರ. 99 ಗುಣಿಸು 48 ಅಂದರೆ 4,752 ರೂಪಾಯಿ. ಮೇಲೆ ಶೇ 18 ಜಿಎಸ್‌ಟಿ 855, ಒಟ್ಟು 5,607. ಒಂದೇ ವರ್ಷಕ್ಕೆ ತಗೊಂಡರೆ ತಿಂಗಳ ದರವೇ ಬೇರೆ. ನವೀಕರಣದ ದರ ಎರಡು ಮೂರು ಪಟ್ಟು ಏರುವುದು ಈ ವ್ಯಾಪಾರದ ರೂಢಿ. 299 ರೂಪಾಯಿಗೆ ಏರಿದರೆ ವರ್ಷಕ್ಕೆ 3,588, ತೆರಿಗೆ ಸೇರಿ 4,234. ಅದು ದುಬಾರಿಯೇನಲ್ಲ, ನಿಮ್ಮ ಬಜೆಟ್ಟಿನ ಒಳಗೇ ಇದೆ. ಮೊದಲೇ ತಿಳಿದಿರಬೇಕು ಅಷ್ಟೇ. ದೊಡ್ಡಕ್ಷರದ ದರ ಬಿಟ್ಟು ಕೆಳಗೆ ಸಣ್ಣಕ್ಷರದಲ್ಲಿರುವ ನವೀಕರಣ ದರವನ್ನು ಓದಿ ಕಂಪನಿಗಳನ್ನು ಹೋಲಿಸಿ.

‘ಅನ್‌ಲಿಮಿಟೆಡ್’ ಎನ್ನುವ ಪದಕ್ಕೂ ಮಿತಿ ಇದೆ, ಅದು ಜಾಹೀರಾತಿನಲ್ಲಿ ಇರುವುದಿಲ್ಲ. ಒಂದೇ ಸರ್ವರನ್ನು ಹಲವು ಸೈಟುಗಳು ಹಂಚಿಕೊಳ್ಳುವ ಇಂಥ ಅಗ್ಗದ ಹೋಸ್ಟಿಂಗ್, ಅಂದರೆ ಶೇರ್ಡ್ ಹೋಸ್ಟಿಂಗ್‌ನಲ್ಲಿ ಎಷ್ಟೋ ಸಲ ಜಾಗಕ್ಕಿಂತ ಮುಂಚೆ ಕಡತಗಳ ಸಂಖ್ಯೆ ತುಂಬುತ್ತದೆ. ಇದನ್ನು ಐನೋಡ್ ಮಿತಿ ಎನ್ನುತ್ತಾರೆ. ನಿಮ್ಮ ವಿದ್ಯಾರ್ಥಿ ಮೊಬೈಲಿನಲ್ಲಿ ತೆಗೆದ ಒಂದು ದೊಡ್ಡ ಫೋಟೋ ವರ್ಡ್‌ಪ್ರೆಸ್‌ಗೆ ಏರಿಸಿದ ಎಂದುಕೊಳ್ಳಿ. ಅದು ಒಂದೇ ಕಡತವಾಗಿ ಉಳಿಯುವುದಿಲ್ಲ. ಅಗಲ 150, 300, 768, 1024, 1536, 2048 ಪಿಕ್ಸೆಲ್ ಹೀಗೆ ಆರು ಪ್ರತಿ, 2560ಕ್ಕೆ ಇಳಿಸಿದ್ದು ಒಂದು, ಮೂಲ ಒಂದು, ಒಟ್ಟು 8. ಥೀಮ್ (ಸೈಟಿನ ಸಿದ್ಧ ವಿನ್ಯಾಸ) ತನ್ನದೂ ಒಂದೆರಡು ಸೇರಿಸಬಹುದು. ವಾರ್ಷಿಕೋತ್ಸವದ 500 ಫೋಟೋ ಏರಿಸಿದರೆ 4,000 ಕಡತ. ಮಿತಿ ದಾಟಿದ ದಿನ ಹೊಸ ಲೇಖನ ಹಾಕಲು ಹೋದರೆ ‘ಅಪ್‌ಲೋಡ್ ವಿಫಲ’ ಎಂದಷ್ಟೇ ಬರುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಹಾಗಾಗಿ ಐನೋಡ್ ಎಷ್ಟು ಎಂದು ಮೊದಲೇ ಬರಹದಲ್ಲಿ ಕೇಳಿ, ಮತ್ತು ಫೋಟೋವನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ಏರಿಸುವುದನ್ನು ಮೊದಲ ವಾರದ ಪಾಠವಾಗಿ ಮಾಡಿ. ಹಳ್ಳಿಯಲ್ಲಿ ಎರಡು ಕಡ್ಡಿ ಸಿಗ್ನಲ್‌ನಲ್ಲಿ ಓದುವವರಿಗೂ ಅದರಿಂದ ಉಪಕಾರ.

ಇನ್ನೊಂದು ಮಿತಿ, ಏಕಕಾಲಕ್ಕೆ ಎಷ್ಟು ಕೋರಿಕೆಗಳನ್ನು ಸರ್ವರ್ ತೆಗೆದುಕೊಳ್ಳುತ್ತದೆ ಎನ್ನುವುದು. ಅಗ್ಗದ ಪ್ಲಾನುಗಳಲ್ಲಿ ಇದು 20ರ ಆಸುಪಾಸು ಇರುತ್ತದೆ. ವಿದ್ಯಾರ್ಥಿ ಪತ್ರಿಕೆಗೆ ದಿನವೂ ಬರುವವರು ನಲವತ್ತೋ ಐವತ್ತೋ ಜನ. ಆದರೆ ಯುವಜನೋತ್ಸವದ ಫಲಿತಾಂಶ ಹಾಕಿದ ಸಂಜೆ ಲಿಂಕು ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಿಗೂ ಹೋಗಿ ಅರ್ಧ ಗಂಟೆಯಲ್ಲಿ ಸಾವಿರ ಜನ ಬರುತ್ತಾರೆ. ಆಗ ಸೈಟಿನ ಬದಲು 508 ಎನ್ನುವ ಸಂಖ್ಯೆ ಕಾಣಿಸುತ್ತದೆ. ಇದಕ್ಕೆ ದೊಡ್ಡ ಪ್ಲಾನ್ ಬೇಕಿಲ್ಲ. ಪುಟವನ್ನು ಪ್ರತಿ ಸಲ ಹೊಸದಾಗಿ ಕಟ್ಟುವ ಬದಲು ಕಟ್ಟಿಟ್ಟ ಪ್ರತಿಯನ್ನೇ ಕೊಡುವ ಕ್ಯಾಶ್ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಪುಟ್ಟ ತಂತ್ರಾಂಶ) ಹಾಕಿ, ಸೈಟಿನ ಮುಂದೆ ಕ್ಲೌಡ್‌ಫ್ಲೇರ್‌ನ ಉಚಿತ ಪ್ಲಾನ್ ಇಡಿ. ಅದು ಸೈಟಿನ ಫೋಟೋಗಳಂಥ ಕಡತಗಳ ಪ್ರತಿ ಇಟ್ಟುಕೊಂಡು ಓದುಗರಿಗೆ ತಾನೇ ಕೊಡುವ ಕಂಪನಿ. ಅವರಿಗೆ ಮುಂಬೈ, ಚೆನ್ನೈಗಳಲ್ಲಿ ಕೇಂದ್ರಗಳಿವೆ, ಫೋಟೋಗಳು ಅಲ್ಲಿಂದಲೇ ಬರಬಹುದು. ಹೋಸ್ಟಿಂಗ್ ಸರ್ವರ್ ಭಾರತದಲ್ಲೋ ಸಿಂಗಪುರದಲ್ಲೋ ಇದ್ದರೆ ಸಾಕು. ಅಮೆರಿಕದ್ದು ಬೇಡ.

ನಿಮ್ಮ ಎಂಜಿನಿಯರ್ ಮಿತ್ರರಿಗೆ ಗೌರವದಿಂದಲೇ ಇಲ್ಲ ಎನ್ನಿ. ವಿಪಿಎಸ್ ಒಳ್ಳೆಯದೇ. ವಿಪಿಎಸ್ ಕೊಡುವ ಡಿಜಿಟಲ್ ಓಷನ್ ಕಂಪನಿಗೆ ಬೆಂಗಳೂರಲ್ಲೇ 2016ರಿಂದ ಡೇಟಾ ಕೇಂದ್ರ ಇದೆ, ದರವೂ ಕೈಗೆಟುಕುತ್ತದೆ. ಆದರೆ ವಿಪಿಎಸ್‌ನಲ್ಲಿ ಆಪರೇಟಿಂಗ್ ಸಿಸ್ಟಂನಿಂದ ಹಿಡಿದು ಡೇಟಾಬೇಸ್‌ವರೆಗೆ ಎಲ್ಲದರ ರಿಪೇರಿ ನಿಮ್ಮದು. ಅವರಿಗೆ ಬಿಡುವಿಲ್ಲದ ತಿಂಗಳು, ಅಥವಾ ಅವರು ಊರು ಬಿಟ್ಟ ವರ್ಷ, ಆ ಯಂತ್ರ ವಾರಸುದಾರರಿಲ್ಲದೆ ಇಂಟರ್ನೆಟ್ಟಿನಲ್ಲಿ ತೆರೆದು ಬಿದ್ದಿರುತ್ತದೆ. ಅವರ ಜ್ಞಾನವನ್ನು ಬ್ಯಾಕಪ್ ಪರೀಕ್ಷಿಸಲು ಬಳಸಿಕೊಳ್ಳಿ. ಅದರ ಮಾತು ಮುಂದೆ ಬರುತ್ತದೆ.

ಕನ್ನಡದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇದು ಸಿಗುವುದಿಲ್ಲ. ನಿಮ್ಮ ಮುದ್ರಿತ ಪತ್ರಿಕೆಯನ್ನು ಪೇಜ್‌ಮೇಕರ್‌ನಲ್ಲೋ ಇನ್‌ಡಿಸೈನ್‌ನಲ್ಲೋ ನುಡಿಯ ಹಳೆಯ ಫಾಂಟಿನಲ್ಲಿ ಮಾಡುತ್ತಿದ್ದರೆ, ಆ ಪಠ್ಯವನ್ನು ನೇರವಾಗಿ ವೆಬ್‌ಸೈಟಿಗೆ ಅಂಟಿಸಿದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಅದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್, ಮೊಬೈಲುಗಳಿಗೂ ಅರ್ಥವಾಗುವ ಅಕ್ಷರ ಸಂಕೇತ ಅಲ್ಲ. ಪರಿವರ್ತಕಗಳಿವೆ, ಆದರೆ ಅರ್ಕಾವೊತ್ತು ಮತ್ತು ಎರಡೆರಡು ಒತ್ತಕ್ಷರ ಇರುವಲ್ಲಿ ಒಮ್ಮೊಮ್ಮೆ ತಪ್ಪುತ್ತವೆ, ಕರಡು ತಿದ್ದಲೇಬೇಕು. ನನ್ನ ಸಲಹೆ, ಮಕ್ಕಳು ಮೊದಲು ಯೂನಿಕೋಡ್‌ನಲ್ಲೇ ಟೈಪ್ ಮಾಡಲಿ, ವೆಬ್‌ಸೈಟಿಗೆ ಹಾಕಲಿ, ಮುದ್ರಣಕ್ಕೆ ಬೇಕಾದರೆ ಅಲ್ಲಿಂದ ಪರಿವರ್ತಿಸಲಿ. ಆಗ ಹುಡುಕಿದರೆ ಸಿಗುವ ಪ್ರತಿಯೇ ಮೂಲ ಪ್ರತಿಯಾಗುತ್ತದೆ.

ಇನ್ನು ಲೇಖನದ ವಿಳಾಸ. ವರ್ಡ್‌ಪ್ರೆಸ್ ತಲೆಬರಹವನ್ನೇ ವಿಳಾಸ ಮಾಡುತ್ತದೆ. ‘ಹಾವೇರಿ’ ನಮಗೆ ಮೂರು ಅಕ್ಷರ. ಕಂಪ್ಯೂಟರಿಗೆ ಹ, ವ, ರ ಮತ್ತು ಅವುಗಳ ಮೂರು ಸ್ವರಚಿಹ್ನೆ ಸೇರಿ ಆರು. ವಿಳಾಸದೊಳಗೆ ಒಂದೊಂದು ಚಿಹ್ನೆಯೂ ಶೇಕಡಾ ಗುರುತು, ಅಂಕಿ ಸೇರಿದ 9 ರೋಮನ್ ಅಕ್ಷರಗಳಾಗಿ ಬಿಡಿಸಿಕೊಳ್ಳುತ್ತದೆ, ಅಂದರೆ ‘ಹಾವೇರಿ’ಗೆ 54. ವರ್ಡ್‌ಪ್ರೆಸ್ ಈ ಭಾಗಕ್ಕೆ ಕೊಡುವ ಜಾಗ 200 ಮಾತ್ರ. ಸುಮಾರು 22 ಚಿಹ್ನೆಗೆ ತಲೆಬರಹ ಕತ್ತರಿಸಿಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹಂಚಿದಾಗ ಅರ್ಧ ಪರದೆ ಶೇಕಡಾ ಗುರುತುಗಳೇ ತುಂಬಿಕೊಂಡು, ನೋಡಿದವರು ಇದೇನೋ ಮೋಸದ ಲಿಂಕು ಎಂದು ಒತ್ತುವುದೇ ಇಲ್ಲ. ತಲೆಬರಹ ಕನ್ನಡದಲ್ಲೇ ಇರಲಿ, ವಿಳಾಸದ ಪೆಟ್ಟಿಗೆಯಲ್ಲಿ ಮಾತ್ರ ಇಂಗ್ಲಿಷ್ ಲಿಪಿಯಲ್ಲಿ ಮೂರ್ನಾಲ್ಕು ಪದ ಬರೆಯಿರಿ. ಇದನ್ನು ಮೊದಲ ದಿನದಿಂದಲೇ ಮಾಡಿ, ಆಮೇಲೆ ಬದಲಿಸಿದರೆ ಹಂಚಿದ ಲಿಂಕುಗಳು ಮುರಿಯುವ ಸಂಭವವಿದೆ.

ಬ್ಯಾಕಪ್ ವಿಷಯದಲ್ಲಿ ಹೋಸ್ಟ್ ‘ದಿನವೂ ತೆಗೆಯುತ್ತೇವೆ’ ಎಂದರೆ ಸಂತೋಷ, ಆದರೆ ಅದೇ ಸರ್ವರಿನಲ್ಲಿರುವ ಪ್ರತಿ ಸರ್ವರಿನ ಜೊತೆಗೇ ಹೋಗಬಹುದು. ಅಪ್‌ಡ್ರಾಫ್ಟ್‌ಪ್ಲಸ್‌ನಂಥ ಉಚಿತ ಪ್ಲಗಿನ್ ವಾರಕ್ಕೊಮ್ಮೆ ವಿಭಾಗದ ಗೂಗಲ್ ಡ್ರೈವ್‌ಗೆ ಪ್ರತಿ ಕಳಿಸುತ್ತದೆ. ವರ್ಡ್‌ಪ್ರೆಸ್‌ನ ‘ಎಕ್ಸ್‌ಪೋರ್ಟ್’ ಗುಂಡಿಯನ್ನು ನಂಬಬೇಡಿ, ಅದು ಪಠ್ಯ ಕೊಡುತ್ತದೆ, ಫೋಟೋ ಕಡತಗಳನ್ನು ಕೊಡುವುದಿಲ್ಲ. ವರ್ಷಕ್ಕೊಮ್ಮೆ, ದಸರಾ ರಜೆಯಲ್ಲಿ ಇರಲಿ, ನಿಮ್ಮ ಎಂಜಿನಿಯರ್ ಮಿತ್ರರು ಆ ಪ್ರತಿಯಿಂದ ಇನ್ನೊಂದು ಕಡೆ ಸೈಟನ್ನು ಎಬ್ಬಿಸಿ ತೋರಿಸಲಿ. ಎಬ್ಬಿಸಿ ನೋಡದ ಬ್ಯಾಕಪ್ ಇದೆಯೋ ಇಲ್ಲವೋ ಹೇಳಲಾಗದು.

ಪತ್ರಿಕೆಯ ಪಿಡಿಎಫ್‌ಗಳನ್ನು ಪ್ರತಿ ತಿಂಗಳು ಇಂಟರ್ನೆಟ್ ಆರ್ಕೈವ್‌ಗೂ ಏರಿಸಿ. ಉಚಿತ, ಖಾತೆ ಮಾಡಿದರೆ ಸಾಕು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರು ಸಮಾಚಾರ’ದ ಪುಟಗಳು ಇವತ್ತಿಗೂ ಓದಲು ಸಿಗುತ್ತವೆ. ಯಾರೋ ಜೋಪಾನ ಮಾಡಿದ್ದರಿಂದ ಸಿಗುತ್ತವೆ. ನಿಮ್ಮ ತಾಲೂಕಿನ ಕೆರೆ, ಸಂತೆ, ಬಸ್ಸಿನ ಬಗ್ಗೆ ಈ ವರ್ಷ ಬರೆದವರು ನಿಮ್ಮ ವಿದ್ಯಾರ್ಥಿಗಳು ಮಾತ್ರವೇ ಇರಬಹುದು.

ಖಾತೆಗಳ ವಿಷಯದಲ್ಲಿ ಒಂದು ಅಪಾಯವನ್ನು ಹೇಳದೆ ಮುಂದೆ ಹೋಗಲಾರೆ. ವರ್ಡ್‌ಪ್ರೆಸ್‌ನಲ್ಲಿ ಹೊಸಬರಿಗೆ ‘ಕಾಂಟ್ರಿಬ್ಯೂಟರ್’ ಸ್ಥಾನ ಕೊಡಿ, ಅವರು ಬರೆಯಬಹುದು, ಪ್ರಕಟಿಸಲಾಗದು. ತಿದ್ದುವವರಿಗೆ ‘ಎಡಿಟರ್’. ‘ಅಡ್ಮಿನ್’ ಇಬ್ಬರಿಗಷ್ಟೇ. ಬ್ಯಾಚ್ ಹೊರಟಾಗ ಅವರ ಖಾತೆಗಳನ್ನು ಅಳಿಸಲು ಹೋಗಬೇಡಿ. ಅಳಿಸುವಾಗ ‘ಇವರ ಬರಹಗಳನ್ನೂ ಅಳಿಸಲೇ, ಬೇರೆಯವರ ಹೆಸರಿಗೆ ಹಚ್ಚಲೇ’ ಎಂದು ಅದು ಕೇಳುತ್ತದೆ. ಅವಸರದಲ್ಲಿ ಮೊದಲನೆಯದನ್ನು ಒತ್ತಿದರೆ ಆ ವಿದ್ಯಾರ್ಥಿಯ ಎಲ್ಲ ವರದಿಗಳೂ ಹೋದವು. ಎರಡನೆಯದಾದರೆ ಬೈಲೈನ್ ಹೋಯಿತು. ಎರಡೂ ಅನ್ಯಾಯ. ಸ್ಥಾನವನ್ನು ‘ಸಬ್‌ಸ್ಕ್ರೈಬರ್’ಗೆ ಇಳಿಸಿ. ಒಳಗೆ ಬಂದರೂ ಏನೂ ಬದಲಿಸಲಾಗದು, ಹೆಸರು ಮಾತ್ರ ಲೇಖನದ ಕೆಳಗೆ ಹಾಗೇ ಇರುತ್ತದೆ. ನಾಳೆ ಕೆಲಸಕ್ಕೆ ಅರ್ಜಿ ಹಾಕುವಾಗ ಆ ಮಗು ತೋರಿಸುವ ಲಿಂಕು ಅದು. ಹಾಗೆಯೇ, ದುಡ್ಡಿನ ಥೀಮನ್ನು ಯಾರೋ ಪುಕ್ಕಟೆ ಕೊಡುತ್ತೇನೆಂದರೆ ಮುಟ್ಟಬೇಡಿ. ಕದ್ದ ಥೀಮುಗಳ ಒಳಗೆ ಹಿಂಬಾಗಿಲು ಇಟ್ಟಿರುತ್ತಾರೆ.

ಅಮೆರಿಕದಲ್ಲಿ ವಿದ್ಯಾರ್ಥಿ ಪತ್ರಿಕೆಗಳಿಗೆಂದೇ ಹೋಸ್ಟಿಂಗ್ ನಡೆಸುವವರಿದ್ದಾರೆ. ಮಿನೆಸೋಟದ ಸ್ಟೂಡೆಂಟ್ ನ್ಯೂಸ್‌ಪೇಪರ್ಸ್ ಆನ್‌ಲೈನ್ ಅಂಥದ್ದು, ಅದೂ ವರ್ಡ್‌ಪ್ರೆಸ್ ಮೇಲೆಯೇ ನಿಂತದ್ದು. ಡಾಲರಿನ ದರ ನಮಗೆ ಹೊಂದುವುದಿಲ್ಲ. ಅವರು ಮುಖ್ಯವಾಗಿ ಮಾರುವುದು ಸರ್ವರ್ ಜಾಗವನ್ನಲ್ಲ, ಹೊಸ ಸಂಪಾದಕರಿಗೆ ಕೊಡುವ ತರಬೇತಿ ಮತ್ತು ಸಹಾಯವನ್ನು. ಅದನ್ನು ನೀವೇ ಕೊಡಬಹುದು: ಹೊರಡುವ ಬ್ಯಾಚಿನ ಇಬ್ಬರು ಬರುವ ಬ್ಯಾಚಿನ ಇಬ್ಬರ ಜೊತೆ ಒಂದು ಮಧ್ಯಾಹ್ನ ಕೂತು, ಲೇಖನ ಹಾಕುವುದರಿಂದ ಲಕೋಟೆ ತೆರೆಯುವವರೆಗೆ ಎಲ್ಲ ಮಾಡಿಸಿ ತೋರಿಸಬೇಕು.

ನಿಮ್ಮ 6,000 ರೂಪಾಯಿಗೆ ನನ್ನ ಹಂಚಿಕೆ ಹೀಗೆ. ಮೊದಲ ವರ್ಷ ಡಾಟ್ ಇನ್ ಡೊಮೇನ್ 5 ವರ್ಷಕ್ಕೆ, ಸುಮಾರು 4,000. ಉಳಿದದ್ದರಲ್ಲಿ, ಹೊಸ ಗ್ರಾಹಕರಿಗೆ ಮೊದಲ ಸಲ ಕೊಡುವ ಕಡಿಮೆ ದರದಲ್ಲಿ ಸಿಗುವ ಶೇರ್ಡ್ ಹೋಸ್ಟಿಂಗ್, ಒಂದೇ ವರ್ಷಕ್ಕೆ. ಹೋಸ್ಟ್ ಸರಿಬರದಿದ್ದರೆ ಬಿಟ್ಟು ಬರುವ ಸ್ವಾತಂತ್ರ್ಯ ಬೇಕು, ಅದಕ್ಕೇ 4 ವರ್ಷದ್ದು ಬೇಡ. ಎರಡನೇ ವರ್ಷದಿಂದ ಹೋಸ್ಟಿಂಗ್ ದರ ಏರುತ್ತದೆ, ಆದರೆ ಆಗ ಡೊಮೇನ್ ಖರ್ಚು ಇರುವುದಿಲ್ಲ. ಎಸ್‌ಎಸ್‌ಎಲ್‌ಗೆ, ಅಂದರೆ ಸೈಟಿನ ಸಂಪರ್ಕವನ್ನು ಸುರಕ್ಷಿತವಾಗಿಡುವ ಪ್ರಮಾಣಪತ್ರಕ್ಕೆ, ಪ್ರತ್ಯೇಕ ದುಡ್ಡು ಕೇಳಿದರೆ ಆ ಕಂಪನಿಯನ್ನು ಬಿಡಿ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ಕಾಲೇಜಿನ ಹೆಸರಿಗೆ ಜಿಎಸ್‌ಟಿ ಬಿಲ್ ಕೊಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ, ಇಲ್ಲವಾದರೆ ಲೆಕ್ಕಪತ್ರ ವಿಭಾಗದಲ್ಲಿ ನಿಮ್ಮದೇ ಹಣ ಸಿಕ್ಕಿಹಾಕಿಕೊಳ್ಳುತ್ತದೆ.

ದುಡ್ಡು ಕಟ್ಟುವ ಮುಂಚೆ, ಒಂದು ರಾತ್ರಿ ಒಂಬತ್ತರ ಹೊತ್ತಿಗೆ ಆ ಕಂಪನಿಯ ಸಹಾಯವಾಣಿಗೆ ಇಬ್ಬರು ವಿದ್ಯಾರ್ಥಿಗಳಿಂದ ಮೂರು ಪ್ರಶ್ನೆ ಕೇಳಿಸಿ: ಐನೋಡ್ ಎಷ್ಟು, ನವೀಕರಣ ದರ ಎಷ್ಟು, ಬಿಟ್ಟುಹೋಗುವಾಗ ಪೂರ್ತಿ ಬ್ಯಾಕಪ್ ನಾವೇ ಇಳಿಸಿಕೊಳ್ಳಬಹುದೇ. ಮೂರಕ್ಕೂ ನೇರ ಉತ್ತರ ಬರೆದು ಕಳಿಸಿದವರಿಂದ ಕೊಳ್ಳಿ. ಉತ್ತರಗಳ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದು ಅದೇ ಲಕೋಟೆಯಲ್ಲಿಡಿ.